ಕಿರುಗುಡುವ ಡ್ರಾಯರ್‌ಗೂ ಬೇಕು ಆರೈಕೆ



ಬೆಳಗಿನ ಜಾವ. ಹಾಲು ಕರೆದಾಗಿದೆ, ಸಂಘದ ಬಾಗಿಲು ತೆರೆಯುವ ಹೊತ್ತು. ಕ್ಯಾನನ್ನು ಹೊಸ್ತಿಲ ಬಳಿ ಇಟ್ಟು, ಹಾಲಿನ ಪಾಸ್‌ಬುಕ್ ತೆಗೆದುಕೊಳ್ಳೋಣವೆಂದು ಮಲಗುವ ಕೋಣೆಗೆ ಹೋಗಿ ಕತ್ತಲಲ್ಲೇ ಡ್ರಾಯರ್ ಎಳೆಯುತ್ತೀರಿ. ‘ಕಿರ್ರ್...’ ಎಂದು ಅದು ಕೂಗುತ್ತದೆ. ಮಲಗಿದ್ದ ಮಗು ಎದ್ದು ಅಳುತ್ತದೆ. ಒಳಗಿನಿಂದ ಅತ್ತೆ ‘ಯಾರದು?’ ಎನ್ನುತ್ತಾರೆ. ಅರ್ಧ ಬಂದ ಡ್ರಾಯರ್ ಮುಂದಕ್ಕೂ ಬರದು, ಹಿಂದಕ್ಕೂ ಹೋಗದು. ಸಂದಿಯಲ್ಲಿ ಬೆರಳು ತೂರಿಸಿ ಹೇಗೋ ಪುಸ್ತಕ ಎಳೆದುಕೊಂಡು ಓಡುತ್ತೀರಿ. ‘ಸಂಜೆ ಇದನ್ನು ಸರಿ ಮಾಡಿಸಬೇಕು’ ಅಂದುಕೊಳ್ಳುತ್ತೀರಿ. ಸಂಜೆಯಾದರೆ ಮತ್ತೆ ಹಾಲು ಕರೆಯುವ ಹೊತ್ತು. ಹೀಗೇ ವರ್ಷ ಕಳೆಯುತ್ತದೆ.

ಹಸು ಒಂದು ಹೊತ್ತು ಮೇವು ಬಿಟ್ಟರೆ ನಿಮಗೆ ತಕ್ಷಣ ಗೊತ್ತಾಗುತ್ತದೆ. ಕೆಚ್ಚಲು ಸ್ವಲ್ಪ ಬಿಸಿಯಾದರೂ ಕೈಗೆ ತಿಳಿಯುತ್ತದೆ. ಆದರೆ ತವರಿನಿಂದ ಬಂದ ಮಂಚ, ಹಾಲಿನ ದುಡ್ಡು ಕೂಡಿಟ್ಟು ಕೊಂಡ ಬೀರು ತಿಂಗಳುಗಟ್ಟಲೆ ಕಿರುಗುಟ್ಟಿದರೂ ನಾವು ಗಮನ ಕೊಡುವುದಿಲ್ಲ. ‘ಆಚಾರ್ರು ಬಂದಾಗ ನೋಡೋಣ’ ಎನ್ನುತ್ತೇವೆ. ಅವರು ಬರುವ ಹೊತ್ತಿಗೆ ಮರ ಸೀಳಿರುತ್ತದೆ, ಇಲ್ಲವೇ ಗೆದ್ದಲು ಒಳಗೆ ಸೇರಿರುತ್ತದೆ.

ಇನ್ನೊಂದು ಮಾತು. ಆ ಡ್ರಾಯರ್ ಬರೀ ಮರದ ಪೆಟ್ಟಿಗೆಯಲ್ಲ. ಹಾಲಿನ ಪಾಸ್‌ಬುಕ್, ಬ್ಯಾಂಕಿನ ಪುಸ್ತಕ, ಹಸುವಿನ ವಿಮೆ ಪತ್ರ, ಗರ್ಭಧಾರಣೆಯ ಚೀಟಿ, ಲಸಿಕೆಯ ಕಾರ್ಡು, ಸಂಘದ ಷೇರು ಪತ್ರ ಎಲ್ಲವೂ ಅದರೊಳಗೇ ಇರುತ್ತವೆ. ನಿಮ್ಮ ಹೈನುಗಾರಿಕೆಯ ಕಚೇರಿ ಎಂದರೆ ಅದೇ. ಆ ಕಚೇರಿಯ ಬಾಗಿಲು ಸರಾಗವಾಗಿ ತೆರೆಯಬೇಕು, ಒಳಗಿರುವುದು ಒಣಗಿ ಚೊಕ್ಕಟವಾಗಿರಬೇಕು. ಅದಕ್ಕೆ ಬೇಕಾದ ಸಾಮಾನು ಬಹುಪಾಲು ಮನೆಯಲ್ಲೇ ಇದೆ. ಹಾಲು ಕರೆಯುವ ಯಂತ್ರವನ್ನು ದಿನವೂ ಬಿಚ್ಚಿ, ತೊಳೆದು, ಜೋಡಿಸುವ ಕೈಗೆ ಒಂದು ಡ್ರಾಯರ್ ಯಾವ ಲೆಕ್ಕ?

ಅದು ಕಿರುಗುಡುವುದೇಕೆ?

ಬಾವಿಯ ರಾಟೆ ಒಣಗಿದರೆ ಕೂಗುತ್ತದೆ. ಎತ್ತಿನ ಗಾಡಿಯ ಅಚ್ಚು ಒಣಗಿದರೂ ಹಾಗೆಯೇ. ಅದಕ್ಕೇ ಹಿರಿಯರು ಗಾಡಿಗೆ ಕೀಲೆಣ್ಣೆ ಹಾಕುತ್ತಿದ್ದರು. ಡ್ರಾಯರ್‌ನ ಕತೆಯೂ ಅದೇ. ಎರಡು ಒಣ ಮೈಗಳು ಉಜ್ಜುವಾಗ ಒಂದು ಇನ್ನೊಂದನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಸಾಗುತ್ತದೆ. ಆ ನಡುಕವೇ ನಮಗೆ ಕೇಳುವ ಸದ್ದು.

ಮಳೆಗಾಲದಲ್ಲಿ ಮತ್ತೊಂದು ತೊಂದರೆ ಸೇರಿಕೊಳ್ಳುತ್ತದೆ. ಮರ ಗಾಳಿಯಲ್ಲಿರುವ ತೇವವನ್ನು ಹೀರಿ ಉಬ್ಬುತ್ತದೆ. ಅದು ಉದ್ದಕ್ಕೆ ಹೆಚ್ಚು ಬೆಳೆಯುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ. ಹಾಗಾಗಿ ಡ್ರಾಯರ್‌ನ ಪಕ್ಕದ ಹಲಗೆಗಳ ಎತ್ತರ ಒಂದಿಷ್ಟು ಹೆಚ್ಚಿ, ಮೇಲೂ ಕೆಳಗೂ ಕಚ್ಚಿಕೊಳ್ಳುತ್ತದೆ. ಬೇಸಿಗೆಯಲ್ಲಿ ಸಲೀಸಾಗಿ ಓಡುತ್ತಿದ್ದ ಡ್ರಾಯರ್ ಆರಿದ್ರ ಮಳೆ ಹಿಡಿಯುತ್ತಲೇ ಬಿಗಿಯಾಗುವುದು ಇದಕ್ಕೇ.

ಇಲ್ಲೇ ಹೆಚ್ಚಿನವರು ತಪ್ಪು ಮಾಡುವುದು. ಪುಷ್ಯ ಮಳೆಯಲ್ಲಿ ಡ್ರಾಯರ್ ಕಚ್ಚಿಕೊಂಡಿತೆಂದು ಆಗಲೇ ತೋಪಡ ಹೊಡೆಸಿಬಿಡುತ್ತಾರೆ. ಆ ದಿನವೇನೋ ಸಲೀಸಾಗುತ್ತದೆ. ಶಿವರಾತ್ರಿ ಕಳೆದು ಬಿಸಿಲೇರಿದಾಗ ಮರ ಒಣಗಿ ಕುಗ್ಗಿ, ಡ್ರಾಯರ್ ಗಡಗಡ ಅಲ್ಲಾಡತೊಡಗುತ್ತದೆ. ಒಮ್ಮೆ ಕೆತ್ತಿದ ಮರವನ್ನು ಮತ್ತೆ ಅಂಟಿಸಲಾಗುವುದಿಲ್ಲ. ಆದ್ದರಿಂದ ಮಳೆಗಾಲದಲ್ಲಿ ಮೇಣ ಉಜ್ಜಿ ಕಾಲ ತಳ್ಳಿ. ಬೇಸಿಗೆಯಲ್ಲೂ ಕಚ್ಚುತ್ತಿದ್ದರೆ ಮಾತ್ರ ಕೆತ್ತಿಸಿ.

ಮರದ ಡ್ರಾಯರ್: ಅರ್ಧ ಗಂಟೆಯ ಕೆಲಸ

ಬೇಕಾಗುವುದು: ಒಂದು ಬಿಳಿ ಮೇಣದ ಬತ್ತಿ, ಒಂದು ಹಾಳೆ ಉಪ್ಪುಕಾಗದ, ಹಳೆಯ ಹತ್ತಿ ಬಟ್ಟೆ, ಮಕ್ಕಳ ಸೀಮೆಸುಣ್ಣ, ಒಂದು ಸ್ಕ್ರೂಡ್ರೈವರ್.

ಮೊದಲು ಡ್ರಾಯರ್ ಖಾಲಿ ಮಾಡಿ. ಪೂರ್ತಿ ಹೊರಗೆಳೆದು, ನೆಲದ ಮೇಲೆ ಪಶು ಆಹಾರದ ಖಾಲಿ ಚೀಲ ಹಾಸಿ ಅದರ ಮೇಲೆ ಬೋರಲಾಗಿ ಇಡಿ. ಈಗ ಕೆಳ ಅಂಚುಗಳನ್ನು ನೋಡಿ. ಎಲ್ಲಿ ಮರ ನುಣ್ಣಗೆ ಹೊಳೆಯುತ್ತದೆಯೋ, ಕಪ್ಪಾಗಿದೆಯೋ, ಅಲ್ಲೇ ಉಜ್ಜುತ್ತಿದೆ ಎಂದರ್ಥ. ಗೊತ್ತಾಗದಿದ್ದರೆ ಅಂಚುಗಳಿಗೆಲ್ಲ ಸೀಮೆಸುಣ್ಣ ಬಳಿದು ಒಮ್ಮೆ ಒಳಗೆ ತಳ್ಳಿ ಹೊರಗೆಳೆಯಿರಿ. ಸುಣ್ಣ ಅಳಿಸಿಹೋದ ಜಾಗವೇ ಕಚ್ಚುವ ಜಾಗ.

ಎರಡನೆಯದಾಗಿ, ಡ್ರಾಯರ್ ಓಡುವ ಪಟ್ಟಿಗಳ ಮೇಲಿನ ಧೂಳು, ಜೇಡರ ಬಲೆ, ಜಿರಲೆ ಹಿಕ್ಕೆಯನ್ನು ಒಣ ಬಟ್ಟೆಯಿಂದ ಒರೆಸಿ. ಎಷ್ಟೋ ಸಲ ಒಂದು ಹಳೆಯ ಬಟನ್ನು, ಹೇರ್‌ಪಿನ್ನು, ಮಡಚಿಹೋದ ಒಂದು ಚೀಟಿ ಹಿಂದೆ ಬಿದ್ದು ಡ್ರಾಯರನ್ನು ತಡೆದಿರುತ್ತದೆ. ಟಾರ್ಚ್ ಹಾಕಿ ಹಿಂಬದಿಯ ಮೂಲೆ ನೋಡಿ. ಮೇಲೆದ್ದ ಮೊಳೆಯ ತಲೆ ಸಿಕ್ಕರೆ ಅದನ್ನು ಒಳಕ್ಕೆ ಬಡಿಯಿರಿ.

ಮೂರನೆಯದಾಗಿ, ಕಚ್ಚುವ ಜಾಗವನ್ನು ಉಪ್ಪುಕಾಗದದಿಂದ ನಾಲ್ಕಾರು ಬಾರಿ ಹಗುರವಾಗಿ ಉಜ್ಜಿ. ಮರದ ಎಳೆ ಹೋದ ದಿಕ್ಕಿಗೇ ಉಜ್ಜಬೇಕು, ಅಡ್ಡಡ್ಡ ಅಲ್ಲ. ಹುಡಿಯನ್ನು ಪೂರ್ತಿ ಒರೆಸಿ. ಹುಡಿ ಉಳಿದರೆ ಮೇಣ ಹಿಡಿಯುವುದಿಲ್ಲ.

ನಾಲ್ಕನೆಯದಾಗಿ, ಮೇಣದ ಬತ್ತಿಯನ್ನು ಹಚ್ಚದೆ, ತಣ್ಣಗಿರುವಾಗಲೇ ಡ್ರಾಯರ್‌ನ ಕೆಳ ಅಂಚಿಗೂ ಒಳಗಿನ ಪಟ್ಟಿಗೂ ಒತ್ತಿ ಉಜ್ಜಿ. ತೆಳ್ಳಗೆ ಒಂದು ಪದರ ಬಂದರೆ ಸಾಕು. ಡ್ರಾಯರ್ ಸೇರಿಸಿ ಹತ್ತು ಸಲ ಒಳಗೆ ಹೊರಗೆ ಆಡಿಸಿ. ಆರಂಭದಲ್ಲಿ ಬಿಗಿಯಿದ್ದರೂ ಆಡಿಸಿದಂತೆ ಹಗುರಾಗುತ್ತದೆ.

ಸಾಬೂನು ಉಜ್ಜುವ ರೂಢಿಯೂ ಇದೆ. ಬೇಸಿಗೆಯಲ್ಲಿ ಪರವಾಗಿಲ್ಲ. ಆದರೆ ಸಾಬೂನು ತೇವ ಎಳೆದುಕೊಳ್ಳುತ್ತದೆ, ಮಳೆಗಾಲದಲ್ಲಿ ಅಂಟಂಟಾಗುತ್ತದೆ. ಮೇಣಕ್ಕೆ ಆ ದೋಷವಿಲ್ಲ. ಮಕ್ಕಳ ಕೇರಂ ಬೋರ್ಡಿನ ಪೌಡರ್‌ನಿಂದಲೂ ಒಂದೆರಡು ದಿನ ಜಾರಿಕೆ ಬರುತ್ತದೆ, ಅಷ್ಟೆ. ಕೊಬ್ಬರಿ ಎಣ್ಣೆ, ಅಡುಗೆ ಎಣ್ಣೆಯನ್ನು ಮರಕ್ಕೆ ಖಂಡಿತ ಹಾಕಬೇಡಿ. ಮೊದಲು ಜಾರಿದಂತೆ ಕಂಡರೂ ಕೆಲವೇ ದಿನದಲ್ಲಿ ಧೂಳು ಹಿಡಿದು ಜಿಡ್ಡಾಗುತ್ತದೆ, ಇರುವೆ ಬರುತ್ತದೆ. ಟ್ರ್ಯಾಕ್ಟರ್‌ನ ಹಳೆ ಆಯಿಲ್, ಗ್ರೀಸ್ ಕೂಡ ಬೇಡ. ಮರಕ್ಕೆ ಇಳಿದ ಕಲೆ, ಕಾಗದಕ್ಕೆ ಹತ್ತಿದ ಕಲೆ ಹೋಗುವುದೇ ಇಲ್ಲ.

ಮಳೆಯಲ್ಲಿ ಡ್ರಾಯರ್ ತೀರಾ ಉಬ್ಬಿ ಬರದೇ ಹೋದರೆ ಎಳೆದಾಡಬೇಡಿ, ಹಿಡಿ ಕಿತ್ತು ಕೈಗೆ ಬರುತ್ತದೆ. ಅದರ ಮೇಲಿನ ಡ್ರಾಯರ್ ತೆಗೆದು, ಆ ಸಂದಿಯಿಂದ ಕೈ ಹಾಕಿ, ಹಿಂಬದಿಯಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಟ್ಟಿ ಮುಂದೆ ತನ್ನಿ. ಹೊರಗೆ ಬಂದ ಡ್ರಾಯರನ್ನು ನೆರಳಲ್ಲಿ ಗಾಳಿಗೆ ಒಂದೆರಡು ದಿನ ಇಡಿ. ನೇರ ಬಿಸಿಲಲ್ಲಾಗಲಿ ಒಲೆಯ ಪಕ್ಕದಲ್ಲಾಗಲಿ ಇಟ್ಟರೆ ಹಲಗೆ ಸೀಳುತ್ತದೆ.

ಡ್ರಾಯರ್‌ನ ತಳ ಜೋತುಬಿದ್ದಿದ್ದರೆ ಅದಕ್ಕೆ ಭಾರ ಕಾರಣ. ತಳದ ತೆಳ್ಳನೆ ಪ್ಲೈವುಡ್ ಹಾಳೆ ಸಾಮಾನ್ಯವಾಗಿ ಹಿಂಬದಿಯಲ್ಲಿ ಒಂದೆರಡು ಮೊಳೆಯಿಂದ ನಿಂತಿರುತ್ತದೆ. ಮೊಳೆ ಕಿತ್ತು, ಹಾಳೆಯನ್ನು ಹಿಂದಕ್ಕೆ ಜಾರಿಸಿ ಹೊರತೆಗೆದು, ಮಗುಚಿ ಹಾಕಿ ಮತ್ತೆ ಮೊಳೆ ಹೊಡೆಯಿರಿ. ಬಾಗಿದ ಹೊಟ್ಟೆ ಮೇಲಾಗುತ್ತದೆ. ತಾಮ್ರದ ಚೊಂಬು, ಬೆಳ್ಳಿ ದೀಪದಂಥ ಭಾರದ ಸಾಮಾನನ್ನು ಇನ್ನು ಅಲ್ಲಿಡಬೇಡಿ.

ಹಿಡಿಯ ಸ್ಕ್ರೂ ನಿಲ್ಲದೆ ಸುಮ್ಮನೆ ತಿರುಗುತ್ತಿದೆಯೇ? ಬೆಂಕಿಕಡ್ಡಿಗಳ ಮದ್ದಿನ ತಲೆ ಮುರಿದು ಹಾಕಿ, ಉಳಿದ ಕಡ್ಡಿಗೆ ಫೆವಿಕಾಲ್ ಸವರಿ ತೂತಿನೊಳಗೆ ತುಂಬಿ. ಒಂದು ರಾತ್ರಿ ಒಣಗಲು ಬಿಟ್ಟು, ಮರುದಿನ ಸ್ಕ್ರೂ ಹಾಕಿ. ಬಿಗಿಯಾಗಿ ಕೂರುತ್ತದೆ.

ಕಬ್ಬಿಣದ ಚಾನೆಲ್ ಇದ್ದರೆ

ಈಚಿನ ಪ್ಲೈವುಡ್ ಕಪಾಟುಗಳಲ್ಲಿ ಡ್ರಾಯರ್ ಎರಡೂ ಪಕ್ಕದ ಕಬ್ಬಿಣದ ಚಾನೆಲ್ ಮೇಲೆ, ಸಣ್ಣ ಗುಂಡುಗಳ ಮೇಲೆ ಓಡುತ್ತದೆ. ಇದಕ್ಕೆ ಮೇಣ ಬೇಡ. ಡ್ರಾಯರನ್ನು ಪೂರ್ತಿ ಎಳೆದಾಗ ಎರಡೂ ಪಕ್ಕ ಒಂದೊಂದು ಪ್ಲಾಸ್ಟಿಕ್ ನಾಲಿಗೆ ಕಾಣುತ್ತದೆ. ಸಾಮಾನ್ಯವಾಗಿ ಒಂದನ್ನು ಮೇಲೆತ್ತಿ, ಇನ್ನೊಂದನ್ನು ಕೆಳಗೊತ್ತಿ, ಎರಡನ್ನೂ ಒಟ್ಟಿಗೆ ಹಿಡಿದು ಎಳೆದರೆ ಡ್ರಾಯರ್ ಕೈಗೆ ಬರುತ್ತದೆ.

ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಚಾನೆಲ್‌ನ ಧೂಳು, ಕೂದಲು, ದಾರದ ಎಳೆ ತೆಗೆಯಿರಿ. ಒಣ ಬಟ್ಟೆಯಲ್ಲಿ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಒಂದೆರಡು ಹನಿ ಬಿಡಿ. ಹೆಚ್ಚಾದ ಎಣ್ಣೆ ಒರೆಸಿಬಿಡಿ, ಇಲ್ಲದಿದ್ದರೆ ಬಟ್ಟೆಗೆ ಹತ್ತುತ್ತದೆ. ಸಡಿಲಾದ ಸ್ಕ್ರೂಗಳನ್ನು ಬಿಗಿ ಮಾಡಿ. ಗುಂಡು ಉದುರಿಹೋಗಿದ್ದರೆ ಆ ಚಾನೆಲ್ ರಿಪೇರಿಯಾಗದು. ಹಳೆಯದರ ಉದ್ದ ಅಳೆದುಕೊಂಡು ಹೋಗಿ ಹಾರ್ಡ್‌ವೇರ್ ಅಂಗಡಿಯಲ್ಲಿ ಜೋಡಿ ಚಾನೆಲ್ ತರಬೇಕು.

ಒಂದು ಎಚ್ಚರ. ಮರದ ಹುಡಿಯನ್ನು ಒತ್ತಿ ಮಾಡಿದ ಹಲಗೆಯ ಕಪಾಟುಗಳಿಗೆ ನೀರು ಆಗದು. ನೆಲ ತೊಳೆದ ನೀರು ಒಮ್ಮೆ ಕಾಲಿಗೆ ಹತ್ತಿದರೆ ಅಂಚು ಉಬ್ಬಿ ಬಿರಿಯುತ್ತದೆ, ಒಣಗಿದರೂ ಮೊದಲಿನಂತಾಗುವುದಿಲ್ಲ. ಅಂಥ ಕಪಾಟಿನ ಕೆಳಗೆ ಒಂದಿಂಚು ಎತ್ತರ ಕೊಡಿ.

ಬೀರುವಿನ ಬಾಗಿಲು ಕೆಳಗೆ ತಾಗುತ್ತಿದೆಯೇ?

ಕಬ್ಬಿಣದ ಬೀರುವಿನ ಬಾಗಿಲು ಸರಿಯಾಗಿ ಹೊಂದದಿದ್ದರೆ, ಬೀಗ ಹಾಕಲು ಭುಜ ಕೊಟ್ಟು ತಳ್ಳಬೇಕಾದರೆ, ದೋಷ ಹೆಚ್ಚಾಗಿ ಬಾಗಿಲಿನದಲ್ಲ, ನೆಲದ್ದು. ಒಂದು ಕಾಲು ತಗ್ಗಿನಲ್ಲಿದ್ದರೆ ಬೀರು ಇಡಿಯಾಗಿ ಓರೆಯಾಗಿ ಬಾಗಿಲು ಕಚ್ಚುತ್ತದೆ. ಕೊಟ್ಟಿಗೆಗೆ ಹಾಸಿದ ರಬ್ಬರ್ ಮ್ಯಾಟಿನ ಉಳಿಕೆ ತುಂಡು ಇದ್ದರೆ ತೊಳೆದು ಒಣಗಿಸಿ ಆ ಕಾಲಿನ ಕೆಳಗೆ ಕೊಡಿ. ಕಾಗದ, ರಟ್ಟು ಕೊಟ್ಟರೆ ತೇವ ಹೀರಿ ಗೆದ್ದಲನ್ನು ಕರೆಯುತ್ತವೆ. ಬೀರು ಎತ್ತುವ ಮುನ್ನ ಖಾಲಿ ಮಾಡಿ, ಇಬ್ಬರು ಸೇರಿ ಎತ್ತಿ. ಬಸುರಿ, ಬಾಣಂತಿಯರು ಈ ಕೆಲಸಕ್ಕೆ ಕೈ ಹಾಕಬಾರದು.

ಬಾಗಿಲ ಕೀಲುಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ಹನಿ ಸಾಕು. ತುಕ್ಕು ಕಂಡ ಕಡೆ ಉಪ್ಪುಕಾಗದದಿಂದ ಉಜ್ಜಿ, ಒರೆಸಿ, ರೆಡ್ ಆಕ್ಸೈಡ್ ಹಚ್ಚಿ, ಒಣಗಿದ ಮೇಲೆ ಬಣ್ಣ ಹೊಡೆಯಿರಿ. ಕೊಟ್ಟಿಗೆಯ ಗೋಡೆಯೇ ಕೋಣೆಯ ಗೋಡೆಯೂ ಆಗಿದ್ದರೆ ಬೀರು, ಮಂಚವನ್ನು ಆ ಗೋಡೆಗೆ ಆನಿಸಬೇಡಿ. ಗಂಜಲ, ತೊಳೆದ ನೀರಿನ ತೇವ ಗೋಡೆಯಲ್ಲಿ ಏರುತ್ತದೆ. ಒಂದು ಗೇಣು ಜಾಗ ಬಿಡಿ, ಗಾಳಿಯಾಡಲಿ.

ಡ್ರಾಯರ್ ಇರುವ ಎತ್ತರದ ಕಪಾಟಿನ ವಿಷಯದಲ್ಲಿ ಮಕ್ಕಳ ಮೇಲೆ ಕಣ್ಣಿರಲಿ. ಎಲ್ಲ ಡ್ರಾಯರ್ ಒಟ್ಟಿಗೆ ತೆರೆದರೆ, ಇಲ್ಲವೇ ಮಗು ಕೆಳಗಿನ ಡ್ರಾಯರ್ ಮೇಲೆ ಕಾಲಿಟ್ಟು ಹತ್ತಿದರೆ, ಕಪಾಟು ಮುಗ್ಗರಿಸಿ ಮಗುವಿನ ಮೇಲೇ ಬೀಳಬಹುದು. ಭಾರದ ಸಾಮಾನು ಕೆಳಗಿನ ಡ್ರಾಯರ್‌ನಲ್ಲಿರಲಿ. ಕಪಾಟಿನ ತಲೆಯನ್ನು ಎಲ್ ಆಕಾರದ ಎರಡು ಪಟ್ಟಿಯಿಂದ ಗೋಡೆಗೆ ಬಿಗಿಸಿಬಿಡಿ.

ಮಂಚದ ಸದ್ದು

ಮಂಚದ ಸದ್ದು ಎಲ್ಲಿಂದ ಬರುತ್ತಿದೆ ಎಂದು ಒಬ್ಬರೇ ಹುಡುಕುವುದು ಕಷ್ಟ. ಒಬ್ಬರು ಮಂಚ ಅಲ್ಲಾಡಿಸಲಿ, ಇನ್ನೊಬ್ಬರು ಕೆಳಗೆ ಬಗ್ಗಿ ಕಿವಿಗೊಡಲಿ. ಹೆಚ್ಚಾಗಿ ತಲೆಯ ಹಲಗೆಗೂ ಉದ್ದದ ಪಟ್ಟಿಗೂ ಸೇರುವ ಬೋಲ್ಟ್ ಸಡಿಲಾಗಿರುತ್ತದೆ. ಅದನ್ನು ಬಿಗಿ ಮಾಡಿ. ಮರ ಬಿರಿಯುವಷ್ಟು ಬಿಗಿ ಬೇಡ.

ಬೋಲ್ಟ್ ಬಿಗಿಯಿದ್ದೂ ಸದ್ದು ಬಂದರೆ ಹಾಸಿಗೆ ಎತ್ತಿ ಅಡ್ಡ ಪಟ್ಟಿಗಳನ್ನು ನೋಡಿ. ಪಟ್ಟಿ ಮತ್ತು ಚೌಕಟ್ಟು ಉಜ್ಜುವ ಕಡೆ ಹಳೆಯ ಸೈಕಲ್ ಟ್ಯೂಬಿನ ತುಂಡುಗಳನ್ನು ಕತ್ತರಿಸಿ ಇಡಿ. ಮರಕ್ಕೆ ಮರ ತಾಗುವುದು ತಪ್ಪಿದರೆ ಸದ್ದೂ ನಿಲ್ಲುತ್ತದೆ. ಟ್ಯೂಬು ಇಲ್ಲದಿದ್ದರೆ ನಾಲ್ಕು ಮಡಿಕೆಯ ಹತ್ತಿ ಬಟ್ಟೆಯೂ ಆದೀತು. ಬೆಳಗ್ಗೆ ನಾಲ್ಕಕ್ಕೆ ಏಳುವವರು ರಾತ್ರಿ ಮಗ್ಗುಲು ಬದಲಿಸಿದಾಗಲೆಲ್ಲ ಎಚ್ಚರಗೊಂಡರೆ ಮೈ ಸುಧಾರಿಸುವುದು ಯಾವಾಗ? ನಿಮ್ಮ ನಿದ್ದೆಗೂ ಬೆಲೆಯಿದೆ.

ಗೆದ್ದಲು, ಕುಟ್ಟೆ, ತಿಗಣೆ

ಗೆದ್ದಲು ಹೆಚ್ಚಾಗಿ ಬರುವುದು ನೆಲದಿಂದ. ಅದಕ್ಕೆ ತೇವ ಬೇಕು, ಕತ್ತಲೆ ಬೇಕು. ಗೋಡೆಯ ಮೇಲೆ, ಮಂಚದ ಕಾಲಿನ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಕಂಡರೆ ಅದೇ ಅದರ ದಾರಿ. ಒಂದು ಕಡೆ ಒಡೆದು ನೋಡಿ. ನಾಲ್ಕು ದಿನದಲ್ಲಿ ಮತ್ತೆ ಕಟ್ಟಿಕೊಂಡರೆ ಗೂಡು ಜೀವಂತವಾಗಿದೆ ಎಂದರ್ಥ. ತೇವದ ಮೂಲ ನಿಲ್ಲಿಸಿ, ಗೋಡೆಯಿಂದ ಸಾಮಾನು ಸರಿಸಿ, ಕಾಲುಗಳ ಕೆಳಗೆ ಕಲ್ಲು ಕೊಡಿ. ಹರಡಿದ್ದರೆ ತಿಳಿದವರಿಂದ ನೆಲಕ್ಕೆ ಔಷಧಿ ಮಾಡಿಸಬೇಕು.

ಕುಟ್ಟೆ ಹುಳುವಿನ ಗುರುತು ಬೇರೆ. ಮರದಲ್ಲಿ ಸೂಜಿ ಚುಚ್ಚಿದಂತಹ ಸಣ್ಣ ತೂತು, ಕೆಳಗೆ ಜರಡಿ ಹಿಡಿದ ಹಿಟ್ಟಿನಂತಹ ನುಣುಪು ಹುಡಿ. ಇದು ಮರದ ಹೊರಗಿನ ಬಿಳಿ ಭಾಗವನ್ನು ಹೆಚ್ಚು ತಿನ್ನುತ್ತದೆ. ಬಲಿತ ತೇಗದ ತಿರುಳಿಗೆ ಕಾಟ ಕಡಿಮೆ. ಮಾವು, ಸಿಲ್ವರ್ ಓಕ್, ರಬ್ಬರ್ ಮರಕ್ಕೆ ಹೆಚ್ಚು. ಹೊಸ ಪೀಠೋಪಕರಣ ಕೊಳ್ಳುವಾಗ ಡ್ರಾಯರ್‌ನ ಮುಂಭಾಗ ಮಾತ್ರ ನೋಡಬೇಡಿ. ಹೊರಗೆಳೆದು ಪಕ್ಕ, ಹಿಂಬದಿ, ತಳ ಯಾವ ಮರದ್ದೆಂದು ಕೇಳಿ. ಮುಖಕ್ಕೆ ತೇಗ ಹಾಕಿ ಒಳಗೆ ಬಿಳಿ ಮರ ಸೇರಿಸಿದ್ದರೆ ಕುಟ್ಟೆ ಮೊದಲು ಹಿಡಿಯುವುದು ಅಲ್ಲೇ.

ಈಗ ಹೇಳುವುದನ್ನು ದಯವಿಟ್ಟು ಮನಸ್ಸಿಟ್ಟು ಓದಿ. ಹಸುವಿನ ಉಣ್ಣೆಗೆ ತಂದ ಔಷಧಿ ಉಳಿದಿದೆಯೆಂದು ಅದನ್ನು ಮಂಚದ ತಿಗಣೆಗೆ ಹಾಕುವುದು, ಹೊಲದ ಕೀಟನಾಶಕವನ್ನು ಬೀರುವಿನ ಹಿಂದೆ ಸಿಂಪಡಿಸುವುದು ಕೆಲವು ಮನೆಗಳಲ್ಲಿ ನಡೆಯುತ್ತದೆ. ಇದು ವಿಷ. ಮುಚ್ಚಿದ ಕೋಣೆಯಲ್ಲಿ ರಾತ್ರಿಯಿಡೀ ಅದನ್ನೇ ಉಸಿರಾಡುವುದು ನೀವು ಮತ್ತು ಮಕ್ಕಳು. ಅದೇ ಕೈಯಲ್ಲಿ ಕೆಚ್ಚಲು ಮುಟ್ಟಿದರೆ, ಮೇವು ಹಾಕಿದರೆ ಹಾಲಿಗೂ ದಾರಿಯಾಗುತ್ತದೆ. ಉಣ್ಣೆಯ ಔಷಧಿಯಾಗಲಿ, ಜಂತಿನ ಮಾತ್ರೆಯಾಗಲಿ, ಕೆಚ್ಚಲು ಬಾವಿನ ಟ್ಯೂಬಾಗಲಿ ಮಲಗುವ ಕೋಣೆಯ ಡ್ರಾಯರ್‌ನಲ್ಲಿ ಇಡಲೇಬೇಡಿ. ಬಣ್ಣದ ನೀರು ಕಂಡರೆ ಮಗು ಕುಡಿಯುತ್ತದೆ. ಕೈಗೆಟುಕದ ಎತ್ತರದಲ್ಲಿ, ಬೀಗ ಹಾಕಿದ ಬೇರೆ ಪೆಟ್ಟಿಗೆಯಲ್ಲಿ ಇಡಿ. ಮಗು ಅಕಸ್ಮಾತ್ ಕುಡಿದರೆ ವಾಂತಿ ಮಾಡಿಸಲು ಹೋಗದೆ, ಔಷಧಿಯ ಬಾಟಲಿಯನ್ನೂ ಹಿಡಿದುಕೊಂಡು ತಕ್ಷಣ ಆಸ್ಪತ್ರೆಗೆ ಓಡಿ. 108 ಕ್ಕೆ ಕರೆ ಮಾಡಿ.

ತಿಗಣೆಗೆ ಬಿಸಿಯೇ ಔಷಧಿ. ಹೊದಿಕೆ, ದಿಂಬಿನ ಚೀಲಗಳನ್ನು ಕುದಿ ನೀರಿನಲ್ಲಿ ನೆನೆಸಿ ಒಗೆಯಿರಿ. ಕಬ್ಬಿಣದ ಮಂಚವನ್ನು ಅಂಗಳಕ್ಕೆ ತಂದು ಸಂದುಗಳಿಗೆ ಕುದಿ ನೀರು ಹೊಯ್ಯಿರಿ. ಒಂದೇ ಸಲಕ್ಕೆ ಹೋಗದು, ಮೊಟ್ಟೆಗಳು ಒಡೆದು ಮರಿ ಬರುತ್ತವೆ. ವಾರಕ್ಕೊಮ್ಮೆಯಂತೆ ಮೂರು ನಾಲ್ಕು ಸಲ ಮಾಡಬೇಕು. ಪಾಲಿಷ್ ಇರುವ ಮರಕ್ಕೆ, ಪ್ಲೈವುಡ್‌ಗೆ ಮಾತ್ರ ಕುದಿ ನೀರು ಬೇಡ.

ಬಟ್ಟೆ, ಕಾಗದದ ನಡುವೆ ನೆರಳಲ್ಲಿ ಒಣಗಿಸಿದ ಬೇವಿನ ಎಲೆ, ಬಜೆ ಬೇರಿನ ತುಂಡನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಇಡುವುದು ನಮ್ಮ ಹಿರಿಯರ ರೂಢಿ. ವಾಸನೆ ಹೋದಾಗ ಬದಲಿಸಿ. ತೇವ ಹೀರಲು ಒಣ ಇದ್ದಿಲ ತುಂಡುಗಳ ಒಂದು ಗಂಟೂ ಇರಲಿ, ಆಗಾಗ ಬಿಸಿಲಿಗಿಟ್ಟು ಮತ್ತೆ ಬಳಸಬಹುದು. ನುಸಿಗುಳಿಗೆಯನ್ನು ಮಿಠಾಯಿಯೆಂದು ಮಕ್ಕಳು ಬಾಯಿಗೆ ಹಾಕಿಕೊಳ್ಳುತ್ತಾರೆ. ಮಗುವಿರುವ ಮನೆಯಲ್ಲಿ ಅದು ಬೇಡವೇ ಬೇಡ.

ಒರೆಸುವುದಕ್ಕೆ ಹಿಂಡಿದ ಒದ್ದೆ ಬಟ್ಟೆ, ಹಿಂದೆಯೇ ಒಣ ಬಟ್ಟೆ. ಇಷ್ಟೇ ಸಾಕು. ಕ್ಯಾನ್ ತೊಳೆಯುವ ಸೋಡಾ, ಕೊಟ್ಟಿಗೆಯ ಫಿನಾಯಿಲ್, ಬ್ಲೀಚಿಂಗ್ ಪೌಡರ್ ಮರದ ಹೊಳಪನ್ನು ತಿಂದುಹಾಕುತ್ತವೆ.

ಸರಿಯಾದ ಡ್ರಾಯರ್‌ನೊಳಗೆ ಏನಿರಬೇಕು?

ಡ್ರಾಯರ್ ಸರಾಗವಾಯಿತು. ಇನ್ನು ಕಾಗದ ಜೋಡಿಸೋಣ. ಒಂದೊಂದು ಹಸುವಿಗೆ ಒಂದೊಂದು ಕವರ್ ಮಾಡಿ. ಮೇಲೆ ಹಸುವಿನ ಹೆಸರು, ಕಿವಿಯೋಲೆಯ 12 ಅಂಕಿಗಳ ಸಂಖ್ಯೆ ಬರೆಯಿರಿ. ಒಳಗೆ ಮೂರು ಕಾಗದ ಇರಲಿ.

ಮೊದಲನೆಯದು ವಿಮೆ ಪತ್ರ. ಹಸು ಸತ್ತ ದಿನ ಮನೆಯಲ್ಲಿ ದುಃಖ ತುಂಬಿರುತ್ತದೆ, ಅಂದು ಕಾಗದ ಹುಡುಕುವ ಚೈತನ್ಯ ಯಾರಿಗೂ ಇರುವುದಿಲ್ಲ. ಆದರೆ ವಿಮಾ ಕಂಪನಿಗೆ ತಕ್ಷಣ ತಿಳಿಸಬೇಕು, ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಬೇಕು, ಕಿವಿಯೋಲೆ ಒಪ್ಪಿಸಬೇಕು. ಓಲೆ ಇಲ್ಲದಿದ್ದರೆ ಪರಿಹಾರವೂ ಇಲ್ಲ. ಓಲೆ ಬಿದ್ದುಹೋದರೆ ಅಂದೇ ತಿಳಿಸಿ ಹೊಸದು ಹಾಕಿಸಿ, ಹೊಸ ಸಂಖ್ಯೆ ಪಾಲಿಸಿಗೆ ಸೇರುವಂತೆ ನೋಡಿಕೊಳ್ಳಿ. ಪಾಲಿಸಿ ಮುಗಿಯುವ ತಾರೀಖನ್ನು ಕವರ್ ಮೇಲೇ ದೊಡ್ಡದಾಗಿ ಬರೆಯಿರಿ.

ಎರಡನೆಯದು ಗರ್ಭಧಾರಣೆಯ ಚೀಟಿ. ಆ ತಾರೀಖಿನಿಂದಲೇ ಉಳಿದ ಲೆಕ್ಕ. 21 ದಿನಕ್ಕೆ ಮತ್ತೆ ಬೆದೆಗೆ ಬಂತೇ ಎಂದು ನೋಡುವುದು, ಮೂರು ತಿಂಗಳಿಗೆ ಗರ್ಭ ಪರೀಕ್ಷೆ ಮಾಡಿಸುವುದು, ಕರು ಹಾಕುವ ಎರಡು ತಿಂಗಳು ಮೊದಲು ಹಾಲು ಬತ್ತಿಸುವುದು, ಸುಮಾರು 280 ದಿನಕ್ಕೆ ಕರುವಿಗೆ ಕಾಯುವುದು ಎಲ್ಲವೂ. ಚೀಟಿ ಗೆದ್ದಲಿನ ಪಾಲಾದರೆ ಲೆಕ್ಕ ತಪ್ಪುತ್ತದೆ. ಬೆದೆ ಒಂದು ತಪ್ಪಿದರೆ ಮೂರು ವಾರದ ನಷ್ಟ.

ಮೂರನೆಯದು ಲಸಿಕೆಯ ಕಾರ್ಡು. ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ. ಕಂದು ರೋಗದ ಲಸಿಕೆ ಹೆಣ್ಣು ಕರುವಿಗೆ 4 ರಿಂದ 8 ತಿಂಗಳೊಳಗೆ, ಜೀವಮಾನದಲ್ಲಿ ಒಮ್ಮೆ. ಹಸುವಿಗೆ ಗರ್ಭಪಾತ ತರುವ ಈ ರೋಗ ಮನುಷ್ಯರಿಗೂ ಅಂಟುತ್ತದೆ. ಹಾಕಿಸಿದ್ದೇವೋ ಇಲ್ಲವೋ ಎಂಬ ಅನುಮಾನ ಉಳಿಯಬಾರದು.

ಕಾಗದಗಳನ್ನು ಒದ್ದೆ ಇರುವಾಗ ಪ್ಲಾಸ್ಟಿಕ್ ಕವರ್‌ಗೆ ಹಾಕಬೇಡಿ, ಒಳಗೇ ಬೂಷ್ಟು ಹಿಡಿಯುತ್ತದೆ. ಒಣಗಿದ ಮೇಲೆ ಹಾಕಿ. ಸಂಘದ ಯಂತ್ರದಿಂದ ಬರುವ ನುಣುಪು ಕಾಗದದ ಹಾಲಿನ ಚೀಟಿಯ ಅಕ್ಷರ ಬಿಸಿಗೆ, ಬೆಳಕಿಗೆ, ಪ್ಲಾಸ್ಟಿಕ್ ತಾಗಿದರೂ ಮಾಸಿಹೋಗುತ್ತದೆ. ಲೀಟರು, ಫ್ಯಾಟು, ದರವನ್ನು ಆಗಾಗ ಪುಸ್ತಕಕ್ಕೆ ಬರೆದುಕೊಳ್ಳಿ. ಮುಖ್ಯ ಕಾಗದಗಳ ಫೋಟೋ ಮೊಬೈಲಿನಲ್ಲಿರಲಿ. ಈ ಕವರ್‌ಗಳು ಎಲ್ಲಿವೆ ಎಂಬುದು ನಿಮಗಷ್ಟೇ ಅಲ್ಲದೆ ಮನೆಯ ಇನ್ನೊಬ್ಬರಿಗಾದರೂ ಗೊತ್ತಿರಲಿ.

ವರ್ಷಕ್ಕೆ ಮೂರು ದಿನ

ಶಿವರಾತ್ರಿ ಕಳೆದು ಯುಗಾದಿಗೆ ಮನೆ ಸಾರಿಸುವಾಗ ಮಂಚ, ಕಪಾಟು ಗೋಡೆಯಿಂದ ಸರಿಸಿ ಗೆದ್ದಲು ನೋಡಿ. ಕೆತ್ತಿಸುವುದಿದ್ದರೆ ಆಗಲೇ ಕೆತ್ತಿಸಿ. ಮುಂಗಾರು ಹಿಡಿಯುವ ಮುನ್ನ ಎಲ್ಲ ಡ್ರಾಯರ್‌ಗೂ ಮೇಣ ಉಜ್ಜಿ, ಇದ್ದಿಲು, ಬೇವು ಬದಲಿಸಿ. ಆಯುಧಪೂಜೆಗೆ ಕುಡುಗೋಲು, ಯಂತ್ರ ತೊಳೆಯುವಾಗ ಸ್ಕ್ರೂಡ್ರೈವರನ್ನೂ ಹೊರತೆಗೆದು ಮಂಚದ ಬೋಲ್ಟ್, ಬೀರುವಿನ ಕೀಲು ನೋಡಿ, ಕಾಗದಗಳನ್ನು ಒಮ್ಮೆ ಗಾಳಿಗೆ ಹರಡಿ.

ಇವತ್ತು ಸಂಜೆ ಹಾಲು ಹಾಕಿ ಬಂದ ಮೇಲೆ ಒಂದೇ ಒಂದು ಡ್ರಾಯರ್ ಹೊರಗೆಳೆಯಿರಿ. ಹಾಲಿನ ಪಾಸ್‌ಬುಕ್ ಇರುವ ಡ್ರಾಯರ್‌ನಿಂದಲೇ ಶುರು ಮಾಡಿ. ಅಂಗಡಿಯಿಂದ ತರಬೇಕಾದದ್ದು ಒಂದು ಮೇಣದ ಬತ್ತಿ, ಒಂದು ಹಾಳೆ ಉಪ್ಪುಕಾಗದ. ನಾಳೆ ಬೆಳಗಿನ ಜಾವ ನೀವು ಪುಸ್ತಕ ತೆಗೆದುಕೊಳ್ಳುವಾಗ ಮಗು ಮಲಗಿಯೇ ಇರಲಿ.